ಬಯೋಡೇಟಾದಲ್ಲಿ ಅಪ್ಪನ ಹೆಸರುಂಟು, ಮಾಡಿದ ಕೆಲಸ ಎಲ್ಲಿ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ನಾಲ್ಕೂ ಊರಿನ ಬಸ್ ನಿಲ್ದಾಣದ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ ದಿನಾ ಒಂದು ಹಾಳೆ ತಯಾರಾಗುತ್ತದೆ. ತಲೆಯ ಮೇಲೆ ದಪ್ಪಕ್ಷರದಲ್ಲಿ 'ಬಯೋಡೇಟಾ'. ಇತ್ತೀಚಿನವರಾದರೆ 'ರೆಸ್ಯೂಮ್'. ಕೆಳಗೆ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಧರ್ಮ, ಜಾತಿ, ಮದುವೆ ಆಗಿದೆಯೋ ಇಲ್ಲವೋ, ಎತ್ತರ ಎಷ್ಟು... ಆಮೇಲೆ ಎಸ್ಸೆಸ್ಸೆಲ್ಸಿಯಿಂದ ಎಂ.ಎ. ತನಕ ಅಂಕಗಳ ಪಟ್ಟಿ. ಹವ್ಯಾಸ: ಪುಸ್ತಕ ಓದುವುದು, ಕ್ರಿಕೆಟ್ ಆಡುವುದು. ಕೊನೆಗೆ 'ಮೇಲ್ಕಂಡ ವಿವರಗಳೆಲ್ಲ ಸತ್ಯ' ಎಂದೊಂದು ಪ್ರಮಾಣ. ಹೆಸರು ಬಿಟ್ಟರೆ ಹತ್ತು ಜನರ ಹಾಳೆಯೂ ಒಂದೇ. ಅಂಗಡಿಯವರ ಕಂಪ್ಯೂಟರಿನಲ್ಲಿ ಹಿಂದಿನ ಗಿರಾಕಿಯದು ಇದ್ದೇ ಇರುತ್ತದಲ್ಲ, ಆ ಹೆಸರು ಅಳಿಸಿ ಈ ಹೆಸರು ಹಾಕಿದರೆ ಆಯಿತು. ಐದು ನಿಮಿಷದ ಕೆಲಸ.

ಈ ಹಾಳೆಯಲ್ಲಿ ಇಲ್ಲದ ಸಂಗತಿ ಒಂದೇ ಒಂದು. ಆ ಮನುಷ್ಯ ಇಷ್ಟು ವರ್ಷ ಏನು ಕೆಲಸ ಮಾಡಿದ ಎಂಬುದು!

ಕಾಲೇಜಿನಲ್ಲಿ ಹತ್ತು ಹನ್ನೆರಡು ವರ್ಷ ಅತಿಥಿ ಉಪನ್ಯಾಸಕರಾಗಿ ದುಡಿದವರನ್ನು ಕೇಳಿ ನೋಡಿ. "ಅದೇನ್ ಬರೆಯೋದಣ್ಣ, ಪಾಠ ಮಾಡಿದೀನಿ, ಅಷ್ಟೆ" ಅನ್ನುತ್ತಾರೆ. ಈ 'ಅಷ್ಟೆ' ಎಂಬ ಮಾತೇ ಅವರ ಹೊಟ್ಟೆಯ ಮೇಲೆ ಹೊಡೆಯುತ್ತಿದೆ. ಕಾಲೇಜಿನ ಕೆಲಸ ಹೋದ ಮೇಲೆ ಹೊರಗಡೆ ಕೆಲಸ ಕೇಳಲು ಹೋದರೆ ಕೈಯಲ್ಲಿರುವುದು ಇದೇ ಹಾಳೆ. ಅದನ್ನು ನೋಡಿದ ಕಂಪನಿಯವರಿಗೆ ತಿಳಿಯುವುದು ಇವರ ಅಪ್ಪ ಯಾರು, ಜಾತಿ ಯಾವುದು, ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಎಷ್ಟು ಎಂಬುದು ಮಾತ್ರ. ನಾಳೆಯಿಂದ ಈತ ತಮಗೆ ಏನು ಮಾಡಿಕೊಡಬಲ್ಲ ಎಂಬುದು ತಿಳಿಯುವುದೇ ಇಲ್ಲ. ಹಾಳೆ ಪಕ್ಕಕ್ಕೆ ಹೋಗುತ್ತದೆ.

ಪಾಠ ಹೇಳುವವರಿಗೇ ಬಂತು ಪಜೀತಿ

ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಾಲ್ಕೂ ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಆದ ಮೇಲೆ ಎಂ.ಎ., ಎಂ.ಕಾಂ., ಎಂ.ಎಸ್ಸಿ. ಓದುವುದು ಹಳ್ಳಿ ಮಕ್ಕಳಿಗೂ ಕೈಗೆಟುಕಿತು. ಅದು ಸಂತೋಷದ ವಿಷಯವೇ. ಆದರೆ ಓದಿದ ಅಷ್ಟೂ ಜನರ ಕಣ್ಣು ಒಂದೇ ಕುರ್ಚಿಯ ಮೇಲೆ, ಲೆಕ್ಚರರ್ ಕುರ್ಚಿ!

ಕಾಯಂ ಹುದ್ದೆ ಸಿಗದವರು ಅತಿಥಿಗಳಾದರು. 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನ ಏರಿಸಿತು. 11 ಸಾವಿರ, 13 ಸಾವಿರ ಇದ್ದದ್ದು ಅರ್ಹತೆ, ಸೇವಾವಧಿ ನೋಡಿ 26ರಿಂದ 32 ಸಾವಿರದವರೆಗೆ ಹೋಯಿತು. ಜೊತೆಗೇ ವಾರಕ್ಕೆ 8-10 ಗಂಟೆ ಇದ್ದ ಪಾಠ 15 ಗಂಟೆ ಆಯಿತು. ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದ ಪಾಠಕ್ಕೆ ಒಬ್ಬರೇ ಸಾಕಾಯಿತು. ಒಬ್ಬರ ಎಲೆಗೆ ಅನ್ನ ಬಿತ್ತು, ಪಕ್ಕದವರ ಎಲೆ ಎತ್ತಿದರು! ಮೇಲೆ ಯುಜಿಸಿ ನಿಯಮ ಬೇರೆ. ನೆಟ್, ಕೆ-ಸೆಟ್ ಅಥವಾ ಪಿಎಚ್.ಡಿ. ಇದ್ದವರಿಗೆ ಮೊದಲ ಮಣೆ. ಸೇವೆ ಕಾಯಂ ಮಾಡಿ ಎಂದು 2024ರ ಜನವರಿಯಲ್ಲಿ ಅತಿಥಿ ಉಪನ್ಯಾಸಕರು ತುಮಕೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದದ್ದನ್ನು ಹೆದ್ದಾರಿ ಬದಿಯ ಅಂಗಡಿಯವರೆಲ್ಲ ಕಣ್ಣಾರೆ ಕಂಡಿದ್ದಾರೆ.

ಅವರ ಬೇಡಿಕೆ ನ್ಯಾಯವಾದದ್ದು. ಅದರ ಬಗ್ಗೆ ಇಲ್ಲಿ ಎರಡು ಮಾತಿಲ್ಲ. ಆದರೆ ಹೋರಾಟ ಗೆಲ್ಲುವ ತನಕ ಮನೆಯ ಒಲೆ ಉರಿಯಬೇಕಲ್ಲ? ಪ್ರತಿ ವರ್ಷ ಕೌನ್ಸೆಲಿಂಗ್ ಪಟ್ಟಿ ಕಾಯಬೇಕು. ಹೆಸರು ಬರದಿದ್ದರೆ ಆ ವರ್ಷ ಖಾಲಿ. ಸರ್ಕಾರದ ಯುವನಿಧಿ ಇದೆಯಲ್ಲ ಎಂದು ಕೆಲವರು ಕೇಳಬಹುದು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಆ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ. ಅದೂ ಎರಡೇ ವರ್ಷ, ಅದೂ 2022-23ರಿಂದ ಈಚೆಗೆ ಪಾಸಾದವರಿಗೆ. ನಲವತ್ತರ ಹತ್ತಿರ ಬಂದ ಅತಿಥಿ ಉಪನ್ಯಾಸಕನಿಗೆ ಅದರಲ್ಲಿ ಪಾಲಿಲ್ಲ. ಹೊರಗೆ ಕೆಲಸ ಹುಡುಕದೆ ಬೇರೆ ದಾರಿಯಿಲ್ಲ.

ಕೆಲಸ ಇಲ್ಲವೇ ಇಲ್ಲ ಅನ್ನಬೇಡಿ

ಹೊರಗೆ ಕೆಲಸ ಎಲ್ಲಿದೆ ಎಂದು ಕೇಳುವವರು ಸ್ವಲ್ಪ ಸುತ್ತಮುತ್ತ ನೋಡಬೇಕು. ಕೊರಟಗೆರೆ ಕಡೆಯವರಿಗೆ ವಸಂತನರಸಾಪುರ ದೂರವೇನಲ್ಲ. ಅಲ್ಲಿನ ಫುಡ್ ಪಾರ್ಕನ್ನು 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ನರೇಂದ್ರ ಮೋದಿ ಬಂದು ಉದ್ಘಾಟಿಸಿದರು. ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರಿನಲ್ಲಿ ತುಮಕೂರಿನ ಹೆಸರಿಗೆ ಕೇಂದ್ರ ಸಂಪುಟ 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಗುಬ್ಬಿ ತಾಲ್ಲೂಕಿನಲ್ಲಿ ಎಚ್ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಬಾಗಿಲು ತೆರೆಯಿತು. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಪಾವಗಡದವರಿಗೆ ನೂರು ಕಿಲೋಮೀಟರ್ ದೂರದ ತುಮಕೂರಿಗಿಂತ ಪೆನುಕೊಂಡವೇ ಹತ್ತಿರ. ಅಲ್ಲಿ 2019ರಿಂದ ಕಿಯಾ ಕಾರು ತಯಾರಾಗುತ್ತಿದೆ. ಶಿರಾ ಹೆದ್ದಾರಿ ಮೇಲೆಯೇ ಕೂತಿದೆ. ಇವಲ್ಲದೆ ಆಸ್ಪತ್ರೆ, ಬ್ಯಾಂಕಿನ ಹೊರಗುತ್ತಿಗೆ, ವಿಮೆ, ರೈತ ಉತ್ಪಾದಕರ ಕಂಪನಿ, ಲೆಕ್ಕಪತ್ರ ನೋಡುವ ಆಡಿಟರ್ ಆಫೀಸು, ಸ್ವಯಂಸೇವಾ ಸಂಸ್ಥೆ ಎಲ್ಲ ಇವೆ.

ಇನ್ನು ಪಾವಗಡದ ತಿರುಮಣಿಯ ಸೋಲಾರ್ ಪಾರ್ಕ್. 13,000 ಎಕರೆ, 2,050 ಮೆಗಾವಾಟ್! ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ರೈತರು ಭೂಮಿಯನ್ನು ಗುತ್ತಿಗೆಗೆ ಕೊಟ್ಟರು. ಭೂಮಿ ಕೊಟ್ಟ ಊರಿನವರಿಗೆ ಸಿಕ್ಕ ಕೆಲಸ ಹೆಚ್ಚಾಗಿ ಯಾವುದು? ಪ್ಯಾನಲ್ ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು ಕಾಯುವುದು. ಆ ಕೆಲಸಕ್ಕೆ ಯಾರೂ ಬಯೋಡೇಟಾ ಕೇಳುವುದಿಲ್ಲ. ಆಫೀಸಿನೊಳಗೆ ಮೇಜಿನ ಹಿಂದೆ ಕೂರುವ ಕೆಲಸಕ್ಕೆ ಕೇಳುತ್ತಾರೆ. ಗೇಟಿನ ಹೊರಗಿನವರು ಒಳಗೆ ಹೋಗುವಾಗ ಮೊದಲು ಒಳಗೆ ಹೋಗುವುದು ಆ ಹಾಳೆಯೇ.

ಸ್ಥಳೀಯರಿಗೆ ಮೀಸಲು ಕೊಡಿ ಎಂಬ ಕೂಗು ಹಳೆಯದು. ಸರೋಜಿನಿ ಮಹಿಷಿ ವರದಿ 1986ರದು. 2024ರ ಜುಲೈನಲ್ಲಿ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟು, ಎರಡೇ ದಿನದಲ್ಲಿ ತಡೆಹಿಡಿದದ್ದೂ ಎಲ್ಲರಿಗೂ ಗೊತ್ತು. ಕಾನೂನು ಬರಲಿ. ಬಂದ ದಿನವೂ ಕೆಲಸ ಕೇಳುವವನು ತನ್ನ ಕೆಲಸ ಏನೆಂದು ಹೇಳಲೇಬೇಕು.

ಸರ್ಕಾರಿ ಅರ್ಜಿಯ ಚಾಳಿ

ನಮ್ಮ ಹುಡುಗರು ದಡ್ಡರೇ? ಖಂಡಿತ ಅಲ್ಲ. ಹಾಗಾದರೆ ಇಂಥ ಹಾಳೆ ಎಲ್ಲಿಂದ ಬಂತು? ಸರ್ಕಾರಿ ಅರ್ಜಿಯಿಂದ ಬಂತು.

ಸರ್ಕಾರಿ ಕೆಲಸಕ್ಕೆ ತಂದೆ ಹೆಸರು ಬೇಕು, ಜಾತಿ ಬೇಕು, ಹುಟ್ಟಿದ ದಿನ ಬೇಕು. ಮೀಸಲಾತಿ, ವಯಸ್ಸಿನ ಮಿತಿ ಎಲ್ಲ ಅದರ ಮೇಲೆ ನಿಂತಿದೆ. ಅಂಕ ಬೇಕು, ಮೆರಿಟ್ ಪಟ್ಟಿ ಆಗುವುದೇ ಅಂಕದ ಮೇಲೆ. ಅಲ್ಲಿ ನೀವು ಹೇಗೆ ಕೆಲಸ ಮಾಡುತ್ತೀರಿ ಎಂದು ಕೇಳುವವರಿಲ್ಲ, ಹೇಳುವ ಜಾಗವೂ ಇಲ್ಲ. ಇಪ್ಪತ್ತು ವರ್ಷ ಅದೇ ಅರ್ಜಿ ತುಂಬಿ ತುಂಬಿ ಕೈಗೆ ಅದೇ ಅಭ್ಯಾಸ. ಕಂಪನಿಗೂ ಅದನ್ನೇ ಕೊಟ್ಟರೆ ಹೇಗೆ?

ಕಂಪನಿಯಲ್ಲಿ ಆಗುವುದು ಬೇರೆ. ಮೇಜಿನ ಮೇಲೆ ರಾಶಿ ಹಾಳೆ. ದೊಡ್ಡ ಕಂಪನಿಯಾದರೆ ಮೊದಲು ಕಂಪ್ಯೂಟರೇ ಜರಡಿ ಹಿಡಿಯುತ್ತದೆ. ತಮ್ಮ ಪ್ರಕಟಣೆಯಲ್ಲಿದ್ದ ಕೆಲಸದ ಮಾತು ಈ ಹಾಳೆಯಲ್ಲಿ ಇದೆಯೋ ಇಲ್ಲವೋ ಎಂದು ಹುಡುಕುತ್ತದೆ. ಆಮೇಲೆ ಮನುಷ್ಯರ ಕೈಗೆ ಬಂದರೂ ಅವರು ನೋಡುವುದು ಅರ್ಧ ನಿಮಿಷವೂ ಇಲ್ಲ. ಅಂಗಡಿ ಮಾಲೀಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಗೆ ಹುಡುಗ ಬೇಕೆಂದಾಗ ನೀವು ಏನು ಕೇಳುತ್ತೀರಿ? "ಮುಂಚೆ ಎಲ್ಲಿದ್ದಪ್ಪ? ತೂಕ ಮಾಡೋಕೆ ಬರುತ್ತಾ? ಬಿಲ್ ಬರೀತೀಯಾ? ಬೆಳಿಗ್ಗೆ ಎಷ್ಟೊತ್ತಿಗೆ ಬರ್ತೀಯ?" ಇಷ್ಟೇ ತಾನೇ? ಅವನ ಎತ್ತರ ಕೇಳಿದ ಮಾಲೀಕರು ಯಾರಾದರೂ ಇದ್ದಾರೆಯೇ! ಕಂಪನಿಯವರು ಕೇಳುವುದೂ ಇದನ್ನೇ, ಇಂಗ್ಲಿಷಿನಲ್ಲಿ ಕೇಳುತ್ತಾರೆ ಅಷ್ಟೆ.

ಆದ್ದರಿಂದ ಜಾತಿ, ಧರ್ಮ, ಎತ್ತರ, ಮದುವೆ ವಿಷಯ ಹಾಳೆಯಿಂದ ತೆಗೆಯಿರಿ. ಅವು ಹೆಣ್ಣು-ಗಂಡು ನೋಡುವ ಬಯೋಡೇಟಾಕ್ಕೆ ಇರಲಿ. ಕಂಪನಿಯವರೇ ಕೇಳಿದರೆ ಆಗ ಹೇಳಿದರಾಯಿತು.

'ಪಾಠ ಮಾಡಿದೀನಿ ಅಷ್ಟೆ' ಎಂಬ ಸುಳ್ಳು

ಅತಿಥಿ ಉಪನ್ಯಾಸಕರು ಪಾಠ ಮಾತ್ರ ಮಾಡಿದ್ದಾರೆಯೇ? ಮಾಡಿಲ್ಲ. ಕಾಲೇಜಿನ ಅರ್ಧ ಕೆಲಸ ಇವರ ತಲೆಯ ಮೇಲೇ ಹೋಗಿದೆ. ಪ್ರವೇಶಾತಿ ಸಮಯದಲ್ಲಿ ಮಕ್ಕಳ ವಿವರಗಳನ್ನು ಯುಯುಸಿಎಂಎಸ್ ಎಂಬ ಸರ್ಕಾರದ ತಂತ್ರಾಂಶಕ್ಕೆ ತುಂಬಿದವರು ಯಾರು? ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿಹಾಕಿಕೊಂಡಾಗ ಬಿಡಿಸಿಕೊಟ್ಟವರು ಯಾರು? ನ್ಯಾಕ್ ತಂಡ ಬರುತ್ತದೆ ಎಂದಾಗ ರಾತ್ರಿ ಕೂತು ಫೈಲು ಜೋಡಿಸಿದವರು ಯಾರು? ಎನ್ನೆಸ್ಸೆಸ್ ಶಿಬಿರದಲ್ಲಿ ಏಳು ದಿನ ಹಳ್ಳಿಯಲ್ಲಿದ್ದು ಮಕ್ಕಳಿಗೆ ಊಟ, ವಸತಿ ನೋಡಿಕೊಂಡವರು ಯಾರು? ಪರೀಕ್ಷೆ ಮೇಲ್ವಿಚಾರಣೆ, ಮೌಲ್ಯಮಾಪನ, ಆಂತರಿಕ ಅಂಕಗಳ ಲೆಕ್ಕ... ಹೇಳುತ್ತಾ ಹೋದರೆ ಮುಗಿಯುವುದಿಲ್ಲ.

ಇದೆಲ್ಲ ಕಂಪನಿಯ ಭಾಷೆಯಲ್ಲಿ ಕೆಲಸವೇ. ಗಡುವಿನೊಳಗೆ ಲೆಕ್ಕ ಒಪ್ಪಿಸುವುದು, ದಾಖಲೆ ಇಡುವುದು, ಐವತ್ತು ಜನರನ್ನು ಸಂಭಾಳಿಸುವುದು, ಜಗಳ ಬಿಡಿಸುವುದು, ಹೊಸಬರಿಗೆ ಹೇಳಿಕೊಡುವುದು. ಬರೆಯಬೇಕಷ್ಟೆ. ಬರೆಯುವಾಗ ಅಂಕಿ ಇರಬೇಕು. ಉದಾಹರಣೆಗೆ ನೋಡಿ.

ಇತಿಹಾಸದ ಎಂ.ಎ. ಒಬ್ಬರು ಹೀಗೆ ಬರೆದಿರುತ್ತಾರೆ: 'ಅತಿಥಿ ಉಪನ್ಯಾಸಕ, 9 ವರ್ಷ.' ಮುಗಿಯಿತು! ಅದನ್ನೇ ಹೀಗೆ ಬರೆಯಬಹುದು: 'ಪ್ರತಿ ಸೆಮಿಸ್ಟರ್ 180 ವಿದ್ಯಾರ್ಥಿಗಳ ಹಾಜರಾತಿ, ಆಂತರಿಕ ಅಂಕಗಳನ್ನು ಕಂಪ್ಯೂಟರಿಗೆ ದಾಖಲಿಸಿ ಗಡುವಿನೊಳಗೆ ಸಲ್ಲಿಸಿದ್ದೇನೆ. 50 ಸ್ವಯಂಸೇವಕರ ಏಳು ದಿನದ ಶಿಬಿರ ಎರಡು ಸಲ ನಡೆಸಿ ಖರ್ಚಿನ ಲೆಕ್ಕ ಒಪ್ಪಿಸಿದ್ದೇನೆ.' ಇದೇ ಮನುಷ್ಯ, ಇದೇ ಒಂಬತ್ತು ವರ್ಷ. ಆದರೆ ಈ ಎರಡು ಸಾಲು ಓದಿದ ಗೋಡೌನ್ ವ್ಯವಸ್ಥಾಪಕರಿಗೋ ಆಸ್ಪತ್ರೆಯ ಆಡಳಿತಾಧಿಕಾರಿಗೋ 'ಇವರನ್ನು ಒಂದು ಸಲ ಕರೆದು ನೋಡೋಣ' ಅನ್ನಿಸುತ್ತದೆ.

ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿದವರು ಲ್ಯಾಬಿನ ದಾಸ್ತಾನು ಪುಸ್ತಕ ಬರೆದಿದ್ದಾರೆ, ಆಸಿಡ್ ಬಾಟಲಿ ಹುಷಾರಾಗಿ ಇಟ್ಟಿದ್ದಾರೆ, ವರ್ಷದ ಇಂಡೆಂಟ್ ಹಾಕಿದ್ದಾರೆ. ಆಹಾರ ಕಾರ್ಖಾನೆಯ ಗುಣಮಟ್ಟ ವಿಭಾಗಕ್ಕೆ ಬೇಕಾದ ಕೆಲಸವೇ ಇದು. ಎಂ.ಕಾಂ. ನವರು ಸಂಜೆ ಹೊತ್ತು ಪೇಟೆಯ ಅಂಗಡಿಗಳ ಟ್ಯಾಲಿ ಲೆಕ್ಕ ಬರೆದಿರುತ್ತಾರೆ, ಜಿಎಸ್‌ಟಿ ರಿಟರ್ನ್ ತುಂಬಿರುತ್ತಾರೆ. ಅದು 'ಸಣ್ಣ ಕೆಲಸ' ಎಂದು ಹಾಳೆಯಲ್ಲಿ ಹಾಕುವುದೇ ಇಲ್ಲ. ಹಾಕಬೇಕಾದ್ದೇ ಅದು! ಕನ್ನಡ ಎಂ.ಎ. ಓದಿದವರು ತಪ್ಪಿಲ್ಲದೆ ಪತ್ರ ಬರೆಯಬಲ್ಲರು, ಇಂಗ್ಲಿಷ್ ಸುತ್ತೋಲೆಯನ್ನು ಕಾರ್ಮಿಕರಿಗೆ ಅರ್ಥವಾಗುವ ಕನ್ನಡಕ್ಕೆ ತರಬಲ್ಲರು. ಗಡಿಯಲ್ಲಿರುವ ಪಾವಗಡದವರಿಗೆ ತೆಲುಗೂ ಬರುತ್ತದೆ. ಎರಡು ರಾಜ್ಯದ ಕೆಲಸಗಾರರಿರುವ ಕಡೆ ಅದೊಂದು ದೊಡ್ಡ ಅರ್ಹತೆ. ಹಾಳೆಯಲ್ಲಿ ಮಾತ್ರ 'ಗೊತ್ತಿರುವ ಭಾಷೆ' ಎಂದು ತಳದಲ್ಲಿ ಒಂದು ಮೂಲೆಯಲ್ಲಿ ಬಿದ್ದಿರುತ್ತದೆ.

ಬೇಡುವ ಪತ್ರ ಬೇಡ

ಹಾಳೆಯ ಜೊತೆ ಒಂದು ಪತ್ರ ಇಡಬೇಕು. ಕವರಿಂಗ್ ಲೆಟರ್ ಎನ್ನುತ್ತಾರೆ. ನಮ್ಮವರು ಅದನ್ನು ಬರೆಯುವುದೇ ಇಲ್ಲ. ಬರೆದರೆ ಹೀಗಿರುತ್ತದೆ: 'ನಾನು ಬಡ ಕುಟುಂಬದವನಾಗಿದ್ದು, ಮನೆಯ ಜವಾಬ್ದಾರಿ ನನ್ನ ಮೇಲಿದ್ದು, ತಾವು ದಯಮಾಡಿ ಒಂದು ಅವಕಾಶ ಕಲ್ಪಿಸಿದಲ್ಲಿ ತಮಗೆ ಚಿರಋಣಿಯಾಗಿರುತ್ತೇನೆ.' ಓದಿದರೆ ಕರುಳು ಚುರುಕ್ ಎನ್ನುತ್ತದೆ, ನಿಜ. ಆದರೆ ಕಂಪನಿಯವರು ಕರುಳಿನಿಂದ ಸಂಬಳ ಕೊಡುವುದಿಲ್ಲ. ಅದು ತಾಲ್ಲೂಕು ಕಚೇರಿಗೆ ಕೊಡುವ ಮನವಿಯ ಧಾಟಿ.

ಪತ್ರ ಅರ್ಧ ಪುಟ ಸಾಕು. ಯಾವ ಕೆಲಸ, ಅದರ ಸುದ್ದಿ ಎಲ್ಲಿ ತಿಳಿಯಿತು, ಆ ಕೆಲಸಕ್ಕೆ ಹೊಂದುವ ಯಾವ ಎರಡು ಕೆಲಸ ಈಗಾಗಲೇ ಮಾಡಿದ್ದೀರಿ, ಏನು ಗೊತ್ತಿಲ್ಲ, ಯಾವಾಗ ಬರಬಲ್ಲಿರಿ. ಒಂದು ಮಾದರಿ ಇಲ್ಲಿದೆ. ಬೇಕಾದವರು ಕತ್ತರಿಸಿ ಇಟ್ಟುಕೊಳ್ಳಬಹುದು, ಆದರೆ ದಯವಿಟ್ಟು ಹಾಗೇ ನಕಲು ಹೊಡೆಯಬೇಡಿ!

'ಮಾನ್ಯರೇ, ತಮ್ಮ ಕಾರ್ಖಾನೆಯ ಗುಣಮಟ್ಟ ಪರೀಕ್ಷೆ ವಿಭಾಗಕ್ಕೆ ಸಹಾಯಕರು ಬೇಕೆಂಬ ಪ್ರಕಟಣೆ ನೋಡಿದೆ. ಆರು ವರ್ಷದಿಂದ ಪದವಿ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯ ನೋಡಿಕೊಂಡಿದ್ದೇನೆ. ವಾರಕ್ಕೆ ನಾಲ್ಕು ತಂಡ, ತಂಡಕ್ಕೆ 20 ವಿದ್ಯಾರ್ಥಿಗಳು. ದ್ರಾವಣ ತಯಾರಿಕೆ, ರಾಸಾಯನಿಕಗಳ ದಾಸ್ತಾನು ಪುಸ್ತಕ, ವರ್ಷದ ಇಂಡೆಂಟ್ ನನ್ನ ಜವಾಬ್ದಾರಿಯಾಗಿತ್ತು. ಕಾರ್ಖಾನೆಯಲ್ಲಿ ಬಳಸುವ ಯಂತ್ರಗಳ ಅನುಭವ ಇಲ್ಲ. ಕಲಿಯಲು ಸಿದ್ಧನಿದ್ದೇನೆ. ಪಾಳಿ ಕೆಲಸಕ್ಕೆ ಒಪ್ಪಿಗೆ ಇದೆ. ಕರೆದ ದಿನ ಸಂದರ್ಶನಕ್ಕೆ ಬರುತ್ತೇನೆ.'

ಇದರಲ್ಲಿ ಬೇಡಿಕೊಳ್ಳುವುದಿಲ್ಲ, ಬಡಾಯಿಯೂ ಇಲ್ಲ. ಗೊತ್ತಿರುವುದನ್ನು ಗೊತ್ತು ಎಂದಿದೆ, ಗೊತ್ತಿಲ್ಲದ್ದನ್ನು ಇಲ್ಲ ಎಂದಿದೆ.

ರಾಮಾನುಜನ್ ಬರೆದ ಅರ್ಜಿ

ಇದೇನು ಈ ಕಾಲದ ಹೊಸ ವಿದ್ಯೆಯಲ್ಲ. ಗಣಿತದ ಮೇಧಾವಿ ಶ್ರೀನಿವಾಸ ರಾಮಾನುಜನ್ ಯಾರಿಗೆ ಗೊತ್ತಿಲ್ಲ? ಈತ ಮೆಟ್ರಿಕ್ ಪಾಸು, ಎಫ್.ಎ. ಪರೀಕ್ಷೆಯಲ್ಲಿ ಫೇಲು. ಅಂದಿನ ಎಫ್.ಎ. ಅಂದರೆ ಇಂದಿನ ಪಿಯುಸಿ ಇದ್ದಂತೆ. ಕಾಲೇಜಿನ ಬಾಗಿಲು ಮುಚ್ಚಿತ್ತು. 1912ರ ಫೆಬ್ರವರಿ 9ರಂದು ಮದ್ರಾಸ್ ಪೋರ್ಟ್ ಟ್ರಸ್ಟ್‌ಗೆ ಗುಮಾಸ್ತರ ಕೆಲಸ ಕೇಳಿ ಅರ್ಜಿ ಬರೆದರು. ನಾಲ್ಕೇ ಸಾಲಿನ ಅರ್ಜಿ. ಮೆಟ್ರಿಕ್ ಪಾಸಾಗಿರುವುದು, ಎಫ್.ಎ. ತನಕ ಓದಿ ಅಡಚಣೆಗಳಿಂದ ಮುಂದೆ ಓದಲಾಗದ್ದು, ಆಮೇಲಿನ ಸಮಯವನ್ನೆಲ್ಲ ಗಣಿತಕ್ಕೇ ಕೊಟ್ಟದ್ದು, ಕೊಟ್ಟ ಕೆಲಸಕ್ಕೆ ನ್ಯಾಯ ಒದಗಿಸಬಲ್ಲೆ ಎಂಬ ಭರವಸೆ. ಓದು ನಿಂತದ್ದನ್ನು ಮುಚ್ಚಿಡಲಿಲ್ಲ, ಅದನ್ನೇ ಹಿಡಿದು ಗೋಳಾಡಲೂ ಇಲ್ಲ. ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರ್ ಮಿಡಲ್‌ಮಾಸ್ಟ್ ಅವರ ಶಿಫಾರಸು ಪತ್ರ. ಮಾರ್ಚ್ 1ಕ್ಕೆ ಕೆಲಸ ಸಿಕ್ಕಿತು. ತಿಂಗಳಿಗೆ 30 ರೂಪಾಯಿ ಸಂಬಳ.

ಮರುವರ್ಷ ಜನವರಿಯಲ್ಲಿ ಕೇಂಬ್ರಿಡ್ಜಿನ ಹಾರ್ಡಿಯವರಿಗೆ ಪತ್ರ ಬರೆದಾಗಲೂ ತಾನು ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗದ ಗುಮಾಸ್ತ ಎಂದೇ ಮೊದಲು ಹೇಳಿಕೊಂಡರು. ಗುಮಾಸ್ತಗಿರಿ ಅವರ ಗಣಿತಕ್ಕೆ ಅಡ್ಡ ಬರಲಿಲ್ಲ. ಹೊಟ್ಟೆ ತುಂಬಿಸಿತು.

ಇನ್ನೂ ಹಿಂದಕ್ಕೆ ಹೋದರೆ ಇಟಲಿಯ ಲಿಯೊನಾರ್ಡೊ ಡ ವಿಂಚಿ. ಮೋನಾಲಿಸಾ ಬರೆದ ಕಲಾವಿದ. ಸುಮಾರು 1482ರಲ್ಲಿ ಮಿಲಾನಿನ ದೊರೆಗೆ ಕೆಲಸ ಕೇಳಿ ಪತ್ರ ಸಿದ್ಧಪಡಿಸಿದ. ದೊರೆಗೆ ಬೇಕಾಗಿದ್ದದ್ದು ಯುದ್ಧದ ಸಾಮಾನು. ಆದ್ದರಿಂದ ಸೇತುವೆ ಕಟ್ಟುವೆ, ಫಿರಂಗಿ ಮಾಡುವೆ, ಸುರಂಗ ತೋಡುವೆ ಎಂದೇ ಪಟ್ಟಿ ಹಾಕಿದ. ಚಿತ್ರ ಬರೆಯುವುದೂ ಬರುತ್ತದೆ ಎಂದದ್ದು ಕೊನೆಗೆ! ತನಗೆ ಏನು ಪ್ರೀತಿ ಎಂಬುದಕ್ಕಿಂತ ಕೆಲಸ ಕೊಡುವವನಿಗೆ ಏನು ಬೇಕು ಎಂಬುದು ಮೊದಲು. ಎಂ.ಎ. ಚಿನ್ನದ ಪದಕ ಇದ್ದವರೂ ಇದನ್ನು ನೆನಪಿಡಬೇಕು.

ಇಂಗ್ಲಿಷಿನ ಭೂತ, ಯಂತ್ರದ ಭೂತ

"ಇಂಗ್ಲಿಷ್ ಬರಲ್ಲ ಕಣಣ್ಣ, ಅದಕ್ಕೇ ಅಂಗಡಿಯೋರು ಬರೆದಿದ್ದೇ ಇರ್ಲಿ ಅಂತ ಬಿಟ್ಟೆ." ಇದು ಎಲ್ಲ ಕಡೆ ಕೇಳುವ ಮಾತು. ಅಂಗಡಿಯವರ ಹಾಳೆಯಲ್ಲಿ 'ಸವಾಲಿನ ವಾತಾವರಣದಲ್ಲಿ ಸಂಸ್ಥೆಯ ಬೆಳವಣಿಗೆಗೆ ದುಡಿಯುವ ಗುರಿ' ಎಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯ ಮೊದಲಿಗೇ ಇರುತ್ತದೆ. ಸಂದರ್ಶನದಲ್ಲಿ ಅದರ ಅರ್ಥ ಕೇಳಿದರೆ ಅಭ್ಯರ್ಥಿ ತಬ್ಬಿಬ್ಬು. ತನಗೇ ಅರ್ಥವಾಗದ ವಾಕ್ಯ ತನ್ನ ಹೆಸರಿನ ಹಾಳೆಯಲ್ಲಿ ಯಾಕಿರಬೇಕು? ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಸಾಕು. ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಬಲ್ಲವರಿಂದ ಇಂಗ್ಲಿಷ್ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು. ಊರಿನ ಆಸ್ಪತ್ರೆ, ಸಹಕಾರ ಸಂಘ, ಸಂಸ್ಥೆಗಳಿಗೆ ಕನ್ನಡದ ಪತ್ರವೇ ಸೊಗಸು.

ಈಗ ಹೊಸದಾಗಿ ಚಾಟ್‌ಜಿಪಿಟಿಯಂಥ ಯಂತ್ರಗಳು ಬಂದಿವೆ. ಮೊಬೈಲಿನಲ್ಲಿ ಕೇಳಿದರೆ ಕ್ಷಣದಲ್ಲಿ ಪತ್ರ ಸಿದ್ಧ. ತಪ್ಪು ತಿದ್ದಿಸಲು, ಇಂಗ್ಲಿಷ್ ಮಾಡಿಸಲು ಬಳಸಿದರೆ ತಪ್ಪೇನಿಲ್ಲ. ಆದರೆ ಏನೂ ಹೇಳದೆ 'ಬರೆದುಕೊಡು' ಅಂದರೆ ಅದೂ ಜೆರಾಕ್ಸ್ ಅಂಗಡಿಯ ಕೆಲಸವನ್ನೇ ಮಾಡುತ್ತದೆ. ಎಲ್ಲರಿಗೂ ಒಂದೇ ಪತ್ರ, ಭಾಷೆ ಮಾತ್ರ ಫಳಫಳ. ನೀವು 50 ಮಕ್ಕಳ ಶಿಬಿರ ನಡೆಸಿದ್ದು ಯಂತ್ರಕ್ಕೆ ಗೊತ್ತಿಲ್ಲ, ನೀವೇ ಹೇಳಬೇಕು.

ಸುಳ್ಳು ಸರ್ಟಿಫಿಕೇಟ್ ಕೊಡಿಸುತ್ತೇವೆ ಎನ್ನುವವರೂ ಇದ್ದಾರೆ. ಹತ್ತಿರ ಸೇರಿಸಬೇಡಿ. ಕಂಪನಿಯವರು ಹಿಂದಿನ ಕಡೆಗೆ ಒಂದು ಫೋನ್ ಮಾಡಿದರೆ ಕಥೆ ಮುಗಿಯಿತು. ನಡುವೆ ಎರಡು ವರ್ಷ ಕೆಲಸ ಇಲ್ಲದಿದ್ದರೆ ಇರಲಿಲ್ಲ ಎನ್ನಿ. ಅಪ್ಪನ ಕಾಯಿಲೆ ನೋಡಿಕೊಂಡೆ, ತೋಟದ ಲೆಕ್ಕ ನೋಡಿಕೊಂಡೆ ಎಂದರೆ ಯಾರೂ ತಲೆ ತೆಗೆಯುವುದಿಲ್ಲ. ಮದುವೆ, ಬಾಣಂತನ ಎಂದು ಬಿಟ್ಟು ಮತ್ತೆ ಕೆಲಸ ಹುಡುಕುವ ಹೆಣ್ಣುಮಕ್ಕಳಿಗೂ ಇದೇ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ಅವರು ಟಿಕೆಟ್ ಹಣ ಕೊಡಬೇಕಾಗಿಲ್ಲ. ದಿನಾ ತುಮಕೂರಿಗೆ ಹೋಗಿಬರಬಲ್ಲೆ ಎಂಬ ಒಂದು ಸಾಲು ಹಾಳೆಯಲ್ಲಿದ್ದರೆ ಅದಕ್ಕೂ ಬೆಲೆ ಇದೆ.

'ಓದ್ಸಿದ್ದು ಇದಕ್ಕೇನ್ಲಾ?'

ಇಷ್ಟೆಲ್ಲ ಬರೆದರೂ ಇನ್ನೊಂದು ಗೋಡೆ ಉಳಿದಿದೆ. ಅದು ಮನೆಯೊಳಗಿನ ಗೋಡೆ. "ಎಂ.ಎ. ಓದ್ಸಿದ್ದು ಗೋಡೌನ್ ಲೆಕ್ಕ ಬರೆಯಕ್ಕೇನ್ಲಾ?" ಎಂದು ಅಪ್ಪ ಕೇಳುತ್ತಾನೆ. ಊರಲ್ಲಿ 'ಮೇಷ್ಟ್ರು' ಅನ್ನಿಸಿಕೊಂಡವರಿಗೆ ಕಂಪನಿ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಬಸ್ಸಿನಲ್ಲಿ ಕೂರಲು ಮುಜುಗರ. ಹಳೆಯ ವಿದ್ಯಾರ್ಥಿ ಎದುರು ಸೀಟಿನಲ್ಲಿ ಕೂತು "ಏನ್ ಸಾರ್, ಈಗೆಲ್ಲಿ?" ಎಂದರೆ ಕಿಟಕಿ ಕಡೆ ಮುಖ ತಿರುಗಿಸುವವರಿದ್ದಾರೆ. ಯಾಕೆ ತಿರುಗಿಸಬೇಕು? ವರ್ಷದಲ್ಲಿ ಎರಡು ತಿಂಗಳು ಗೌರವಧನವಿಲ್ಲದೆ ಅಂಗಡಿಯಲ್ಲಿ ಸಾಲ ಬರೆಸುವುದಕ್ಕಿಂತ ತಿಂಗಳ ಸಂಬಳ ಎಣಿಸಿಕೊಳ್ಳುವುದು ಮರ್ಯಾದೆಯ ಕೆಲಸವೇ.

"ಹಾಳೆ ಎಷ್ಟು ಚೆಂದ ಇದ್ದರೇನು, ವಶೀಲಿ ಇಲ್ದೆ ಯಾರ್ ಕೊಡ್ತಾರೆ?" ಎಂಬ ಮಾತೂ ಇದೆ. ಅರ್ಧ ನಿಜ. ಪರಿಚಯದವರ ಮೂಲಕವೇ ಬಹಳ ಕೆಲಸ ಆಗುತ್ತವೆ. ಆದರೆ ಆ ಪರಿಚಯದವರೂ ಮೊದಲು ಕೇಳುವುದು "ನಿನ್ ರೆಸ್ಯೂಮ್ ವಾಟ್ಸಪ್ ಮಾಡಪ್ಪ" ಎಂದಲ್ಲವೇ? ಅವರು ಮುಂದಕ್ಕೆ ಕಳಿಸುವುದೂ ಅದನ್ನೇ. ಕಳಿಸುವವರ ಮಾನ ಉಳಿಯುವಂತೆ ಹಾಳೆ ಇರಬೇಡವೇ?

ಹಾಗೆಂದು ಹಾಳೆ ಚೆನ್ನಾಗಿದ್ದ ಮಾತ್ರಕ್ಕೆ ಇಲ್ಲದ ಹುದ್ದೆ ಹುಟ್ಟುವುದಿಲ್ಲ. ಹತ್ತು ಕಡೆ ಹಾಕಿದರೆ ಒಂದು ಕಡೆಯಿಂದ ಕರೆ ಬರಬಹುದು. ಕೆಲಸ ಕೊಡಿಸುತ್ತೇವೆ, ಮೊದಲು 'ನೋಂದಣಿ ಶುಲ್ಕ' ಕಟ್ಟಿ ಎನ್ನುವವರ ಬಗ್ಗೆ ಮಾತ್ರ ಬಹಳ ಎಚ್ಚರ ಇರಲಿ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ದುಡ್ಡು ಕೇಳುವುದಿಲ್ಲ. ಮೊಬೈಲಿನಲ್ಲಿ ಹಣ ಹಾಕಿ ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಮೂಲ ಅಂಕಪಟ್ಟಿ ಯಾರ ಕೈಗೂ ಬಿಟ್ಟು ಬರಬೇಡಿ. ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವೀಸ್ ತಾಣದಲ್ಲಿ ಹೆಸರು ನೋಂದಾಯಿಸಲು ಒಂದು ಪೈಸೆಯೂ ಬೇಡ.

ಯಾರು ಏನು ಮಾಡಬಹುದು?

ಮೊದಲು ಜೆರಾಕ್ಸ್ ಅಂಗಡಿಯವರು. ಸರ್ಕಾರಿ ಅರ್ಜಿಗೆ ಒಂದು ಮಾದರಿ, ಕಂಪನಿಗೆ ಇನ್ನೊಂದು ಮಾದರಿ ಇಟ್ಟುಕೊಳ್ಳಿ. ಕಂಪನಿ ಮಾದರಿಯಲ್ಲಿ 'ಮಾಡಿದ ಕೆಲಸ' ಎಂಬ ಜಾಗ ಮೊದಲಿಗೇ ಇರಲಿ. ಟೈಪ್ ಮಾಡುವಾಗ "ಏನ್ ಕೆಲ್ಸ ಮಾಡಿದ್ರಿ ಸಾರ್?" ಎಂದು ಒಂದು ಮಾತು ಕೇಳಿ. ಗಿರಾಕಿ ಹೋದ ಮೇಲೆ ಅವರ ಆಧಾರ್, ಅಂಕಪಟ್ಟಿ ಕಂಪ್ಯೂಟರಿನಿಂದ ಅಳಿಸಿ. ಇದಕ್ಕಾಗಿ ಹತ್ತು ರೂಪಾಯಿ ಹೆಚ್ಚು ತೆಗೆದುಕೊಂಡರೂ ಯಾರೂ ಬೇಡ ಎನ್ನುವುದಿಲ್ಲ.

ಎರಡನೆಯದು ಪೇಟೆಯ ಇತರ ಮಾಲೀಕರು. ಮೆಡಿಕಲ್ ಸ್ಟೋರು, ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿಗಳಲ್ಲಿ ಓದುತ್ತಲೇ ದುಡಿದ ಹುಡುಗ ಹುಡುಗಿಯರು ಎಷ್ಟಿಲ್ಲ? ಬಿಟ್ಟು ಹೋಗುವಾಗ ಅಂಗಡಿಯ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆದುಕೊಡಿ. ಎಷ್ಟು ವರ್ಷ ಇದ್ದರು, ಏನು ನೋಡಿಕೊಂಡರು, ಗಲ್ಲಾಪೆಟ್ಟಿಗೆ ನಂಬಿ ಬಿಟ್ಟಿದ್ದೆವು ಎಂಬ ಮಾತು. ಆ ಒಂದು ಮಾತು ಚಿನ್ನದ ಪದಕಕ್ಕೆ ಕಡಿಮೆಯಿಲ್ಲ.

ಮೂರನೆಯದು, ಮುಖ್ಯವಾದದ್ದು, ಕಾಲೇಜಿನ ಪ್ರಾಂಶುಪಾಲರು. ಅತಿಥಿ ಉಪನ್ಯಾಸಕರಿಗೆ ಕೊಡುವ ಅನುಭವ ಪತ್ರದಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಸಾಲು. ಇಂಥ ದಿನದಿಂದ ಇಂಥ ದಿನದವರೆಗೆ ಕಾರ್ಯನಿರ್ವಹಿಸಿರುತ್ತಾರೆ. ಅದಕ್ಕೆ ಇನ್ನೆರಡು ಸಾಲು ಸೇರಿಸಲು ಸರ್ಕಾರದ ಅನುದಾನ ಬೇಕಿಲ್ಲ. ಶಿಬಿರ ನಡೆಸಿದ್ದಾರೆ, ಪ್ರವೇಶಾತಿ ದಾಖಲೆ ನೋಡಿಕೊಂಡಿದ್ದಾರೆ, ಲ್ಯಾಬ್ ನಿರ್ವಹಿಸಿದ್ದಾರೆ. ನಿಜವಾಗಿ ಮಾಡಿದ್ದನ್ನು ಬರೆದರೆ ಸಾಕು. ಉದ್ಯೋಗ ಮಾರ್ಗದರ್ಶನ ಘಟಕ ಎಂಬ ಬೋರ್ಡು ಇರುವ ಕಾಲೇಜುಗಳಲ್ಲಿ ವರ್ಷಕ್ಕೆ ಒಂದು ಶನಿವಾರ ವಸಂತನರಸಾಪುರದ ಕಾರ್ಖಾನೆಯವರನ್ನು ಕರೆಸಿ, "ನೀವು ಹಾಳೆಯಲ್ಲಿ ಏನು ನೋಡುತ್ತೀರಿ?" ಎಂದು ಕೇಳಿಸಿದರೆ ಅಂತಿಮ ವರ್ಷದ ಮಕ್ಕಳಿಗೂ ಅನುಕೂಲ, ಪಾಠ ಹೇಳುವ ಅತಿಥಿಗಳಿಗೂ ಅನುಕೂಲ.

ಹತ್ತು ಹನ್ನೆರಡು ವರ್ಷ ಕಡಿಮೆ ದುಡ್ಡಿಗೆ ನಾಲ್ಕು ತಾಲ್ಲೂಕಿನ ಮಕ್ಕಳನ್ನು ಪದವೀಧರರನ್ನಾಗಿ ಮಾಡಿದವರು ಇವರು. ಸರ್ಕಾರ ಕಾಯಂ ಮಾಡುತ್ತದೋ ಇಲ್ಲವೋ, ಮಾಡಿದ ಕೆಲಸವನ್ನು 'ಮಾಡಿದ್ದಾರೆ' ಎಂದು ಬರೆದುಕೊಡುವುದಾದರೂ ಆಗಬೇಡವೇ? ಮುಂದಿನ ಕೌನ್ಸೆಲಿಂಗ್ ಪಟ್ಟಿ ಹೊರಬೀಳುವ ಮುಂಚೆ ನಾಲ್ಕೂ ಕಾಲೇಜಿನ ಪ್ರಾಂಶುಪಾಲರು ಈ ಎರಡು ಸಾಲಿನ ಬಗ್ಗೆ ಗಮನ ಹರಿಸುವರೇ?